ಸರ್ಕಾರಿ ವಸತಿ ವಿಶ್ವವಿದ್ಯಾಲಯ ಅಂದ್ರೆ ಬರೀ ಹಾಸ್ಟೆಲ್ ಸೌಲಭ್ಯಾನಾ? ಹುಡುಗಿಯನ್ನು ಜೆಎನ್‌ಯುಗೆ ಕಳಿಸುವ ಮುಂಚೆ ಒಂದು ಪ್ರಶ್ನೆ

ಲಿಂಗಸುಗೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಅಂದರೆ ಜೆಎನ್‌ಯುನಲ್ಲಿ ಎಂಎ ಇತಿಹಾಸದ ಸೀಟು ಸಿಕ್ಕಿದೆ. ತಂದೆ ಎಪಿಎಂಸಿಯಲ್ಲಿ ಹಮಾಲಿ. ತಾಯಿ ಕೂಲಿಗೆ ಹೋಗುತ್ತಾರೆ. ಅವರು ನನ್ನನ್ನು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಎಂಎ ರಾಯಚೂರಿನಲ್ಲೂ ಇದೆ, ಕಲಬುರಗಿಯಲ್ಲೂ ಇದೆ. ದಿಲ್ಲಿಗೇ ಯಾಕೆ ಹೋಗಬೇಕು ಸರ್?"

ಉತ್ತರ ಹುಡುಕುತ್ತಾ ಜೆಎನ್‌ಯು ಕಾಯ್ದೆ ಓದಿದೆ. 1966ರದ್ದು. ಅದರ ಮೊದಲ ಅನುಸೂಚಿಯಲ್ಲಿ ವಿಶ್ವವಿದ್ಯಾಲಯದ ಗುರಿ ಬರೆದಿದ್ದಾರೆ. ನೆಹರೂ ಯಾವುದಕ್ಕಾಗಿ ದುಡಿದರೋ ಆ ಆರು ತತ್ವಗಳ ಅಧ್ಯಯನಕ್ಕೆ ಶ್ರಮಿಸಬೇಕು ಅಂತ: ರಾಷ್ಟ್ರೀಯ ಐಕ್ಯ, ಸಾಮಾಜಿಕ ನ್ಯಾಯ, ಜಾತ್ಯತೀತತೆ, ಪ್ರಜಾಸತ್ತಾತ್ಮಕ ಜೀವನ ಕ್ರಮ, ಅಂತರರಾಷ್ಟ್ರೀಯ ತಿಳಿವಳಿಕೆ, ಸಮಾಜದ ಸಮಸ್ಯೆಗಳ ಕಡೆಗೆ ವೈಜ್ಞಾನಿಕ ದೃಷ್ಟಿ. ಅದರ ಜೊತೆಗೇ ಇನ್ನೊಂದು ಮಾತಿದೆ. ದೇಶದ ಎಲ್ಲ ಕಡೆಯ ವಿದ್ಯಾರ್ಥಿಗಳು, ಅಧ್ಯಾಪಕರು ಬಂದು ಸೇರಲು ವಿಶೇಷ ಕ್ರಮ ತೆಗೆದುಕೊಳ್ಳಬೇಕು ಅಂತ.

ಈಗ ನನ್ನ ಪ್ರಶ್ನೆ. ಈ ಆರನ್ನೂ ಪಾಠ ಮಾಡಿ ಕಲಿಸಬಹುದಾ? "ಪ್ರಜಾಸತ್ತಾತ್ಮಕ ಜೀವನ ಕ್ರಮ" ಅನ್ನುವುದಕ್ಕೆ ಪರೀಕ್ಷೆ ಇಡೋಕಾಗಲ್ಲ ಅಲ್ವಾ? ಎಲ್ಲರೂ ಒಂದೇ ಆವರಣದಲ್ಲಿ ಬದುಕುವುದರಿಂದಲೇ ಅದು ಬರಬೇಕು ಅಂತ ನನಗನ್ನಿಸುತ್ತೆ. ಹಾಗಿದ್ದರೆ ಹಾಸ್ಟೆಲ್ ಅನ್ನೋದು ಸೌಲಭ್ಯ ಅಲ್ಲ, ಅದೇ ಮುಖ್ಯ ಪಾಠ. ಅಲ್ಲಿ ಇದ್ದು ಬಂದವರು ಹೇಳಿ, ನಿಜಕ್ಕೂ ಹಾಗಿದೆಯಾ?

ಮಸ್ಕಿ ಹುಡುಗ

ಕಳಿಸಿ ಸರ್. ಯೋಚನೆ ಮಾಡಬೇಡಿ.

ಕಾವೇರಿ ಹಾಸ್ಟೆಲ್ ಹಳಬ

ಮೇಷ್ಟ್ರೇ, ನಾನು ಅಲ್ಲೇ ಎಂಎ, ಎಂಫಿಲ್ ಮಾಡಿದವನು. ಅಲ್ಲಿನ ಹಾಸ್ಟೆಲ್‌ಗಳಿಗೆಲ್ಲ ನದಿಗಳ ಹೆಸರು. ಗಂಗಾ, ಝೇಲಂ, ಸಾಬರಮತಿ, ಪೆರಿಯಾರ್, ಗೋದಾವರಿ, ತಪತಿ, ಲೋಹಿತ್, ನಮ್ಮ ಕಾವೇರಿ. ದೇಶದ ಎಲ್ಲ ದಿಕ್ಕಿನ ನದಿಗಳೂ ಒಂದೇ ಕ್ಯಾಂಪಸ್‌ನಲ್ಲಿ ಇರಲಿ ಅನ್ನೋ ಆಸೆ ಅದರಲ್ಲಿದೆ.

ಪಾಠ ಎಲ್ಲಿ ಆಗುತ್ತೆ ಅಂದ್ರೆ ಮೆಸ್‌ನಲ್ಲಿ. ರಾತ್ರಿ ಊಟ ಮುಗಿದ ಮೇಲೆ ಅದೇ ಮೆಸ್‌ನಲ್ಲಿ ಸಭೆ. ಒಂದು ದಿನ ಸುಪ್ರೀಂ ಕೋರ್ಟಿನ ವಕೀಲರು, ಇನ್ನೊಂದು ದಿನ ಯಾವುದೋ ಚಳವಳಿಯವರು, ಮತ್ತೊಂದು ದಿನ ಅರ್ಥಶಾಸ್ತ್ರದ ಪ್ರೊಫೆಸರ್. ಒಂಬತ್ತೂವರೆಗೆ ಶುರುವಾದರೆ ಪ್ರಶ್ನೆಗಳು ಮುಗಿಯುವಾಗ ಮಧ್ಯರಾತ್ರಿ. ನಾನು ಇಂಗ್ಲಿಷ್‌ನಲ್ಲಿ ಎದ್ದು ನಿಂತು ಮೊದಲ ಪ್ರಶ್ನೆ ಕೇಳಿದ್ದು ಕ್ಲಾಸ್‌ನಲ್ಲಿ ಅಲ್ಲ, ಮೆಸ್‌ನಲ್ಲಿ.

ಮೆಸ್ ಸೆಕ್ರೆಟರಿಯನ್ನೂ ನಾವೇ ಆರಿಸುತ್ತಿದ್ದೆವು. ದಿನಸಿ, ತರಕಾರಿ ಲೆಕ್ಕ ನೋಡಿಕೊಳ್ಳೋದು, ತಿಂಗಳ ಬಿಲ್ ಜಾಸ್ತಿ ಬಂದರೆ ಸಭೆಯಲ್ಲಿ ನಿಂತು ಉತ್ತರ ಕೊಡೋದು. ವಿದ್ಯಾರ್ಥಿ ಸಂಘದ ಚುನಾವಣೆಯನ್ನೂ ವಿದ್ಯಾರ್ಥಿಗಳೇ ಚುನಾವಣಾ ಸಮಿತಿ ಮಾಡಿಕೊಂಡು ನಡೆಸುತ್ತಾರೆ. ಅಧ್ಯಕ್ಷ ಸ್ಥಾನಕ್ಕೆ ನಿಂತವರೆಲ್ಲ ಒಂದೇ ವೇದಿಕೆಯಲ್ಲಿ ಚರ್ಚೆ ಮಾಡಬೇಕು, ಒಬ್ಬರನ್ನೊಬ್ಬರು ಪ್ರಶ್ನಿಸಬೇಕು. ಆ ರಾತ್ರಿ ಇಡೀ ಕ್ಯಾಂಪಸ್ ಹುಲ್ಲಿನ ಮೇಲೆ ಕೂತಿರುತ್ತೆ. ಕಾಯ್ದೆಯ ಆ ನಾಲ್ಕನೇ ಮಾತು, ಪ್ರಜಾಸತ್ತಾತ್ಮಕ ಜೀವನ ಕ್ರಮ, ನನಗೆ ಅರ್ಥವಾಗಿದ್ದು ಹೀಗೆ.

ತೆರಿಗೆ ಕಟ್ಟುವವ

ಎಲ್ಲ ಕೇಳೋಕೆ ಚೆನ್ನಾಗಿದೆ. ನಾನು ಬೆಂಗಳೂರಿನಲ್ಲಿ ಪಿಜಿಗೆ ತಿಂಗಳಿಗೆ ಒಂಬತ್ತು ಸಾವಿರ ಕೊಟ್ಟು ಓದಿದೆ. ಅಲ್ಲಿ ಹತ್ತು ರೂಪಾಯಿಗೆ ರೂಮು ಸಿಗುತ್ತಿತ್ತು. ಮಧ್ಯರಾತ್ರಿವರೆಗೂ ಭಾಷಣ ಕೇಳೋದಕ್ಕೆ ನಾವು ಯಾಕೆ ದುಡ್ಡು ಕೊಡಬೇಕು? ಬೇಕಾದರೆ ವಿದ್ಯಾರ್ಥಿವೇತನ ಕೊಡಿ, ಎಲ್ಲಿ ಬೇಕೋ ಅಲ್ಲಿ ಇದ್ದು ಓದಲಿ. ವಿಶ್ವವಿದ್ಯಾಲಯದ ಕೆಲಸ ಪಾಠ ಮತ್ತು ಸಂಶೋಧನೆ. ಊಟ, ವಸತಿ ಅದರ ಕೆಲಸ ಅಲ್ಲ.

ಅಂಕಿ ಅಂಶ

ಹತ್ತು ರೂಪಾಯಿ ಅಂದ ಕೂಡಲೇ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಪೂರ್ತಿ ಲೆಕ್ಕ ನೋಡಿ. ಇಬ್ಬರ ಕೋಣೆಗೆ ತಲಾ 10, ಒಬ್ಬರ ಕೋಣೆಗೆ 20 ರೂಪಾಯಿ ಇದ್ದದ್ದು ಬರೀ ಕೋಣೆ ಬಾಡಿಗೆ. ಮೆಸ್ ಬಿಲ್ ಬೇರೆ, ಅದನ್ನು ವಿದ್ಯಾರ್ಥಿಗಳೇ ಕಟ್ಟುತ್ತಿದ್ದರು. 2019ರಲ್ಲಿ ಬಾಡಿಗೆಯನ್ನು 300 ಮತ್ತು 600ಕ್ಕೆ ಏರಿಸುವ ಪ್ರಸ್ತಾಪ ಬಂತು. ಗಲಾಟೆಯಾಗಿದ್ದು ಅದಕ್ಕಿಂತ ಜಾಸ್ತಿ ಹೊಸದಾಗಿ ಸೇರಿಸಿದ ತಿಂಗಳಿಗೆ 1700 ರೂಪಾಯಿಯ ಸೇವಾ ಶುಲ್ಕಕ್ಕೆ. ನೀರು, ಕರೆಂಟು ಅದರ ಮೇಲೆ.

ಅಲ್ಲಿ ಬಡ ವಿದ್ಯಾರ್ಥಿಗೆ ಸಿಗುತ್ತಿದ್ದ ವೇತನ ತಿಂಗಳಿಗೆ 2000. ಯುಜಿಸಿಯ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೆ 8000. ಮೇಷ್ಟ್ರು ಹೇಳಿದ ಹುಡುಗಿಯ ಮನೆಯ ಆದಾಯದ ಪಕ್ಕದಲ್ಲಿ ಈ ಸಂಖ್ಯೆಗಳನ್ನು ಇಟ್ಟು ನೋಡಿ.

ತೆರಿಗೆ ಕಟ್ಟುವವ

ನೋಡಿದೆ. ಆ ಹುಡುಗಿಗೆ ಪೂರ್ತಿ ಉಚಿತ ಕೊಡಲಿ, ನನ್ನ ತಕರಾರಿಲ್ಲ. ಆದರೆ ಅದೇ ಹತ್ತು ರೂಪಾಯಿ ಅಧಿಕಾರಿಯ ಮಗನಿಗೂ ಯಾಕೆ?

ಕಾವೇರಿ ಹಾಸ್ಟೆಲ್ ಹಳಬ

ಅಧಿಕಾರಿಯ ಮಗನೂ ಅದೇ ಕೋಣೆಯಲ್ಲಿ, ಅದೇ ಮೆಸ್‌ನಲ್ಲಿ ಇರಲಿ ಅಂತಲೇ. ಬಡವರಿಗೆ ಮಾತ್ರ ಅಂತ ಮಾಡಿದ ಹಾಸ್ಟೆಲ್‌ಗಳು ನಮ್ಮಲ್ಲಿ ಹೇಗಿವೆ ನೋಡಿದ್ದೀರಲ್ಲ.

ಅಸ್ಸಿ ಘಾಟ್

ಸ್ವಲ್ಪ ಹಿಂದಕ್ಕೆ ಹೋಗೋಣ. ನಾನು ಓದಿದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ (ಬಿಎಚ್‌ಯು). 1915ರ ಅದರ ಕಾಯ್ದೆಯ ಮೊದಲ ಸಾಲಿನಲ್ಲೇ "ಬೋಧನಾ ಮತ್ತು ವಸತಿ" ವಿಶ್ವವಿದ್ಯಾಲಯ ಅಂತ ಇದೆ. ಇದು ಸುಮ್ನೆ ಬಂದಿದ್ದಲ್ಲ. 1857ರಲ್ಲಿ ಶುರುವಾದ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಮೊದಲಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳು. ಪಾಠ ಎಲ್ಲೆಲ್ಲೋ ಕಾಲೇಜುಗಳಲ್ಲಿ. ಅಂಥ ವ್ಯವಸ್ಥೆಯಿಂದ ಗುಮಾಸ್ತರು ಬರಬಹುದು, ದೇಶ ಕಟ್ಟುವವರು ಬರಲ್ಲ ಅನ್ನೋ ವಾದ ಆಗ ಜೋರಾಗಿತ್ತು. ಅದರ ಸ್ಥಾಪಕ ಮದನ ಮೋಹನ ಮಾಳವೀಯರು ಗುರು, ಶಿಷ್ಯರು ಒಂದೇ ಕಡೆ ಇರುವ ಜಾಗ ಬೇಕು ಅಂತ ಹಠ ಹಿಡಿದರು. ಆನಿ ಬೆಸೆಂಟರು 1898ರಲ್ಲಿ ಕಟ್ಟಿದ್ದ ಸೆಂಟ್ರಲ್ ಹಿಂದೂ ಕಾಲೇಜು ಇದಕ್ಕೆ ಬೀಜವಾಯಿತು.

ಬಿಎಚ್‌ಯು ಉದ್ದೇಶಗಳಲ್ಲಿ ಸಂಸ್ಕೃತ, ಶಾಸ್ತ್ರಗಳ ಜೊತೆಗೆ ಇನ್ನೂ ಎರಡು ಇವೆ. ಒಂದು, ದೇಶಿ ಕೈಗಾರಿಕೆ ಬೆಳೆಸುವಂಥ ವಿಜ್ಞಾನ, ತಂತ್ರಜ್ಞಾನ. ಇನ್ನೊಂದು, ವಿದ್ಯಾರ್ಥಿಗಳ ಶೀಲ ರೂಪಿಸುವುದು. ಮೊದಲನೆಯದಕ್ಕೆ ಲ್ಯಾಬ್ ಸಾಕು. ಎರಡನೆಯದಕ್ಕೆ ಹಾಸ್ಟೆಲ್ ಬೇಕು ಅಂತ ಅವರು ನಂಬಿದ್ದರು. ಕ್ಯಾಂಪಸ್ ಸುಮಾರು 1300 ಎಕರೆ, ಅರ್ಧಚಂದ್ರದ ಆಕಾರ. ಅದರೊಳಗೆ ತರಗತಿಗಳ ಸಾಲು, ಹಾಸ್ಟೆಲ್‌ಗಳ ಸಾಲು, ಅಧ್ಯಾಪಕರ ಮನೆಗಳ ಸಾಲು. ನಮ್ಮ ಪ್ರೊಫೆಸರ್ ಮನೆಗೆ ಸಂಜೆ ನಡೆದುಕೊಂಡೇ ಹೋಗುತ್ತಿದ್ದೆವು. ಪ್ರಬಂಧದ ಅರ್ಧ ತಿದ್ದುಪಡಿ ಅವರ ಜಗಲಿಯಲ್ಲೇ ಆಯಿತು.

ಗಂಗೋತ್ರಿ ವಿದ್ಯಾರ್ಥಿ

ಬಿಎಚ್‌ಯು ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್! ಅದನ್ನು ಹೇಳದೆ ಬಿಟ್ಟಿರಲ್ಲ. ಅದು ಶುರುವಾದ 1916ರಲ್ಲೇ, ಜುಲೈ 27ಕ್ಕೆ ಮೈಸೂರು ವಿಶ್ವವಿದ್ಯಾಲಯ ಶುರು. ಎರಡು ವಿಶ್ವವಿದ್ಯಾಲಯಗಳ ಹುಟ್ಟಿಗೂ ಅವರ ನಂಟಿತ್ತು.

ಅಸ್ಸಿ ಘಾಟ್

ಹೌದು. ಇನ್ನೊಂದು ನಂಟೂ ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದ್ದ ರಾಧಾಕೃಷ್ಣನ್ 1939ರಿಂದ 1948ರವರೆಗೆ ಬಿಎಚ್‌ಯು ಕುಲಪತಿಯಾಗಿದ್ದರು.

ಗೌರಿಬಿದನೂರು ಅಮ್ಮ

ಗಾಂಧೀಜಿ ಮಾತಾಡಿ ರಾಜರೆಲ್ಲ ಎದ್ದು ಹೋಗಿದ್ದು ಅಲ್ಲೇ ಅಲ್ವಾ?

ಅಸ್ಸಿ ಘಾಟ್

ಅಲ್ಲೇ, ಉದ್ಘಾಟನೆಯ ಸಮಾರಂಭಗಳ ಸಮಯದಲ್ಲಿ. 1916ರ ಫೆಬ್ರುವರಿ 6. ಕಾಶಿಯಂಥ ಊರಿನಲ್ಲಿ ನನ್ನ ಜನರ ಜೊತೆ ಪರಭಾಷೆಯಲ್ಲಿ ಮಾತಾಡಬೇಕಾಗಿ ಬಂದಿದ್ದು ಅವಮಾನ ಅಂದರು. ಒಡವೆ ಹಾಕಿಕೊಂಡು ಕೂತಿದ್ದ ರಾಜರಿಗೆ ಬಡವರ ಹೆಸರು ಹೇಳಿ ಚುಚ್ಚಿದರು. ಬೆಸೆಂಟರು ಮಾತು ನಿಲ್ಲಿಸಿ ಅಂದರು, ಸಭೆಯೇ ಮುರಿಯಿತು. ಪ್ರಶ್ನೆ ಕೇಳುವುದು ವಿಶ್ವವಿದ್ಯಾಲಯದ ಮೌಲ್ಯವಾದರೆ ಅದರ ಪರೀಕ್ಷೆ ಶುರುವಿನಲ್ಲೇ ಆಯಿತು. ಆ ದಿನ ಸಭೆ ಅದರಲ್ಲಿ ಪಾಸಾಗಲಿಲ್ಲ.

ವಾರಾನ್ನದ ಮನೆ

"ಊಟ, ವಸತಿ ವಿಶ್ವವಿದ್ಯಾಲಯದ ಕೆಲಸ ಅಲ್ಲ" ಅಂದ ಸ್ನೇಹಿತರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕರ್ನಾಟಕದಲ್ಲಿ ಓದು ಬೆಳೆದಿದ್ದೇ ಊಟ, ವಸತಿಯಿಂದ. ನಮ್ಮ ಅಜ್ಜ ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾವುದೋ ಒಂದು ದಿನಕ್ಕೆ ಮನೆ ಸಿಗದಿದ್ದರೆ ಆ ದಿನ ಉಪವಾಸ. ಆದರೆ ವಾರಾನ್ನ ಸಿಗುತ್ತಿದ್ದದ್ದು ಯಾರಿಗೆ? ಮೇಲಿನ ಜಾತಿಯ ಹುಡುಗರಿಗೆ. ದಲಿತರ ಹುಡುಗನನ್ನು ಯಾರು ಪಡಸಾಲೆಗೆ ಕರೆದು ಊಟ ಹಾಕುತ್ತಿದ್ದರು? ಹುಡುಗಿಯರ ಮಾತಂತೂ ಬಿಡಿ.

ಆಮೇಲೆ ಜನಾಂಗದ ಸಂಘಗಳು ಬಂದವು. ಒಕ್ಕಲಿಗರ ಸಂಘ 1906ರಲ್ಲಿ, ಬೆಳಗಾವಿಯಲ್ಲಿ ಕೆಎಲ್‌ಇ 1916ರಲ್ಲಿ. ಧಾರವಾಡದ ಮುರುಘಾಮಠದಲ್ಲಿ ಪ್ರಸಾದ ನಿಲಯ. ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ದಾಸೋಹ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರು ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳನ್ನು ಹೆಚ್ಚಿಸಿದರು. ಇವು ಇಲ್ಲದಿದ್ದರೆ ಇಂದು ಇಲ್ಲಿ ಟೈಪ್ ಮಾಡುತ್ತಿರುವ ನಮ್ಮಲ್ಲಿ ಅರ್ಧಕ್ಕರ್ಧ ಜನ ಓದುತ್ತಿರಲಿಲ್ಲ.

ಆದರೆ ಒಂದು ಕೊರತೆ ಉಳಿಯಿತು. ಸಿದ್ಧಗಂಗೆಯಂಥ ಕೆಲವು ಜಾಗ ಬಿಟ್ಟರೆ ಹೆಚ್ಚಿನವು ಜಾತಿಗೊಂದು ಹಾಸ್ಟೆಲ್. ನಮ್ಮ ಹುಡುಗ ನಮ್ಮ ಹುಡುಗರ ಜೊತೆಯಲ್ಲೇ ಉಂಡು ಓದಿ ನೌಕರಿ ಹಿಡಿದ. ಪಕ್ಕದ ಹಾಸ್ಟೆಲ್‌ನವನ ಪರಿಚಯವೇ ಆಗಲಿಲ್ಲ. ಸರ್ಕಾರಿ ವಸತಿ ವಿಶ್ವವಿದ್ಯಾಲಯ ಇಲ್ಲಿ ಬೇರೆ ಆಗುತ್ತೆ. ಯಾರ ಜೊತೆ ಕೋಣೆ ಹಂಚಿಕೊಳ್ಳಬೇಕು ಅನ್ನೋದು ಅಲ್ಲಿ ನಿಮ್ಮ ಜಾತಿಯ ಕೈಯಲ್ಲಿ ಇರಲ್ಲ. ವಿದ್ಯಾರ್ಥಿವೇತನ ಕೊಟ್ಟು "ಎಲ್ಲಿ ಬೇಕೋ ಅಲ್ಲಿ ಇರು" ಅಂದರೆ ಆಗೋದು ಏನು? ದಲಿತ ಹುಡುಗ, ಮುಸ್ಲಿಂ ಹುಡುಗಿ ಬಾಡಿಗೆ ಮನೆ ಹುಡುಕುತ್ತಾ ಬೀದಿ ಸುತ್ತೋದು. "ನೀವು ಯಾವ ಜನ?" ಅನ್ನುವ ಪ್ರಶ್ನೆ ಬೆಂಗಳೂರಿನಲ್ಲೂ ಇದೆ, ದಿಲ್ಲಿಯಲ್ಲೂ ಇದೆ.

ಮಸ್ಕಿ ಹುಡುಗ

ಇದನ್ನು ಓದಿ ಕಣ್ಣು ತುಂಬಿ ಬಂತು. ನಾನೂ ಬಿಸಿಎಂ ಹಾಸ್ಟೆಲ್‌ನಲ್ಲಿ ಓದಿದವನು.

ಗಚ್ಚಿಬೌಲಿ

ಹಾಸ್ಟೆಲ್ ಒಳಗೆ ಜಾತಿ ಇಲ್ಲ ಅಂತ ಮಾತ್ರ ಯಾರೂ ಅಂದುಕೊಳ್ಳಬೇಡಿ. ನಾನು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಓದಿದವಳು. ಅದೂ ಕೇಂದ್ರೀಯ, ಅದೂ ವಸತಿ. ಅಂಬೇಡ್ಕರ್ ವಿದ್ಯಾರ್ಥಿ ಸಂಘದಲ್ಲಿದ್ದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಮತ್ತು ಅವರ ನಾಲ್ವರು ಗೆಳೆಯರನ್ನು ಹಾಸ್ಟೆಲ್‌ನಿಂದ ಹೊರಗೆ ಹಾಕಿದ್ದರು. ಅವರು ಕ್ಯಾಂಪಸ್‌ನಲ್ಲೇ ಬಯಲಿನಲ್ಲಿ ಮಲಗುತ್ತಿದ್ದರು. ಆ ಜಾಗಕ್ಕೆ ವೆಲಿವಾಡ (ತೆಲುಗಿನಲ್ಲಿ ಊರಾಚೆಯ ದಲಿತ ಕೇರಿ) ಅಂತ ಹೆಸರಿಟ್ಟಿದ್ದರು. 2016ರ ಜನವರಿ 17ಕ್ಕೆ ರೋಹಿತ್ ಪ್ರಾಣ ಕಳೆದುಕೊಂಡರು.

ಮೇಷ್ಟ್ರು ಹಾಸ್ಟೆಲ್ಲೇ ಮುಖ್ಯ ಪಾಠ ಅಂದರು. ಒಪ್ಪುತ್ತೇನೆ. ಹಾಗಾದರೆ ಹಾಸ್ಟೆಲ್‌ನಿಂದ ಹೊರಗೆ ಹಾಕುವುದು ವಿಶ್ವವಿದ್ಯಾಲಯದಿಂದಲೇ ಹೊರಗೆ ಹಾಕಿದ ಹಾಗೆ. ಕಾಯ್ದೆಯಲ್ಲಿ ಸಾಮಾಜಿಕ ನ್ಯಾಯ ಅಂತ ಬರೆದರೆ ಸಾಲದು. ವಾರ್ಡನ್ ಯಾರು, ದೂರು ಕೇಳುವವರು ಯಾರು, ಶಿಸ್ತು ಸಮಿತಿಯಲ್ಲಿ ಯಾರಿದ್ದಾರೆ, ಅದನ್ನು ನೋಡಬೇಕು.

ವಾರಾನ್ನದ ಮನೆ

ನಿಮ್ಮ ಮಾತಿಗೆ ಎದುರು ಹೇಳುವುದಿಲ್ಲ. ಒಟ್ಟಿಗೆ ಇಟ್ಟ ಮಾತ್ರಕ್ಕೆ ಸಮಾನತೆ ಬರಲ್ಲ. ಆದರೆ ಒಟ್ಟಿಗೆ ಇಡದೇ ಇದ್ದರೆ ಜಗಳಕ್ಕೂ ಅವಕಾಶ ಇಲ್ಲ.

ಇಬ್ಬರು ಹೆಣ್ಣುಮಕ್ಕಳ ಅಪ್ಪ

ಎಲ್ಲರೂ ತತ್ವ ಮಾತಾಡ್ತಾ ಇದ್ದೀರಿ. ಹೆಣ್ಣುಮಗು, ಒಬ್ಬಳೇ, ದಿಲ್ಲಿ. ಸುರಕ್ಷತೆ ಹೇಗೆ? ರಾತ್ರಿ ಎಷ್ಟು ಹೊತ್ತಿಗೆ ಗೇಟ್ ಹಾಕ್ತಾರೆ?

ಕೊಯ್ನಾ ಕೋಣೆ

ಅಣ್ಣಾ, ನಾನು ಜೆಎನ್‌ಯುನಲ್ಲಿ ಪಿಎಚ್‌ಡಿ ಮಾಡಿದ್ದೇನೆ, ಊರು ಹಾವೇರಿ ಕಡೆ. ನನಗೆ ಅಲ್ಲಿ ಸಿಕ್ಕ ದೊಡ್ಡ ವಿಷಯ ರಾತ್ರಿ ಲೈಬ್ರರಿಯಿಂದ ನಡೆದುಕೊಂಡು ಬರುವುದು. ದಾರಿಯಲ್ಲಿ ಢಾಬಾ ತೆರೆದಿರುತ್ತೆ, ಹುಡುಗಿಯರು ಓಡಾಡುತ್ತಿರುತ್ತಾರೆ. ಜನ ಇದ್ದರೇ ಭಯ ಕಮ್ಮಿ. ಅಪಾಯವೇ ಇಲ್ಲ ಅಂತ ಹೇಳುವುದಿಲ್ಲ. ಕ್ಯಾಂಪಸ್ ದೊಡ್ಡದು, ಸಾವಿರ ಎಕರೆಯ ಮೇಲೆ, ಕಾಡಿನಂಥ ಜಾಗವೂ ಇದೆ. ಎಲ್ಲಿ ಒಬ್ಬಳೇ ಹೋಗಬಾರದು ಅನ್ನೋದು ಹಿರಿಯ ಹುಡುಗಿಯರು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ.

ಗೇಟ್ ಬೇಗ ಹಾಕಿದರೆ ಸುರಕ್ಷತೆ ಅನ್ನೋದನ್ನು ನಾನು ಒಪ್ಪಲ್ಲ. ಡಿಗ್ರಿ ಓದುವಾಗ ನಾನಿದ್ದ ಒಂದು ಖಾಸಗಿ ಹಾಸ್ಟೆಲ್‌ನಲ್ಲಿ ಸಂಜೆ ಆರೂವರೆಗೆ ಬೀಗ. ಲೈಬ್ರರಿ ಎಂಟರವರೆಗೆ ತೆರೆದಿರುತ್ತಿತ್ತು, ನಮಗೆ ಅದು ಇದ್ದೂ ಇಲ್ಲದ ಹಾಗೆ. ಹುಡುಗರು ಓದುತ್ತಿದ್ದರು, ನಾವು ಕಿಟಕಿಯಿಂದ ನೋಡುತ್ತಿದ್ದೆವು.

ಅಸ್ಸಿ ಘಾಟ್

2017ರ ಸೆಪ್ಟೆಂಬರ್‌ನಲ್ಲಿ ಬಿಎಚ್‌ಯು ಹುಡುಗಿಯರು ಗೇಟ್ ಮುಂದೆ ಕೂತಿದ್ದು ಇದಕ್ಕೇ. ಕ್ಯಾಂಪಸ್ ಒಳಗೆ ಒಬ್ಬ ವಿದ್ಯಾರ್ಥಿನಿಗೆ ಕಿರುಕುಳ ಆಗಿತ್ತು. ಅವರು ಕೇಳಿದ್ದು ರಸ್ತೆಗೆ ದೀಪ, ಕಾವಲಿನವರ ಜವಾಬ್ದಾರಿ, ಹುಡುಗ ಹುಡುಗಿಯರಿಗೆ ಒಂದೇ ನಿಯಮ. ಸಿಕ್ಕಿದ್ದು ಲಾಠಿ. ಅದಾದ ಮೇಲೆ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು ಕ್ಯಾಂಪಸ್ ಶಿಸ್ತು ನೋಡಿಕೊಳ್ಳುವ ಮುಖ್ಯ ಪ್ರಾಕ್ಟರ್ ಮಾಡಿದರು. ನೂರು ವರ್ಷ ಆದ ಮೇಲೆ. ನನ್ನ ವಿಶ್ವವಿದ್ಯಾಲಯದ ಬಗ್ಗೆ ನನಗೆ ಪ್ರೀತಿ ಇದೆ, ಅದಕ್ಕೇ ಇದನ್ನೂ ಹೇಳುತ್ತಿದ್ದೇನೆ.

ಇಬ್ಬರು ಹೆಣ್ಣುಮಕ್ಕಳ ಅಪ್ಪ

ಹಾವೇರಿ ತಂಗಿ, ಥ್ಯಾಂಕ್ಸ್. ಹಿರಿಯ ಹುಡುಗಿಯರು ಹೇಳಿಕೊಡ್ತಾರೆ ಅಂದಿದ್ದು ಸಮಾಧಾನ ತಂತು. ಆದರೂ ನಾನು ಫೋನ್ ಮಾಡದೆ ಮಲಗಲ್ಲ.

ಕಮಲಾಪುರ ಕೆರೆ

ಎಲ್ಲರೂ ಉತ್ತರಕ್ಕೇ ಹೋಗುತ್ತಿದ್ದೀರಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಯಾರಿಗೂ ನೆನಪಾಗಲಿಲ್ಲವಾ? 1991ರಲ್ಲಿ ಶುರುವಾಯಿತು, ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಪದವಿ ಹಂಚುವುದಕ್ಕಿಂತ ಹೊಸ ಜ್ಞಾನ ಸೃಷ್ಟಿಸಬೇಕು, ಅದೂ ಕನ್ನಡದಲ್ಲಿ, ಅನ್ನೋದು ಆಗಿನ ಗುರಿ. ಬುಡಕಟ್ಟು ಅಧ್ಯಯನ, ಜಾನಪದ, ಶಾಸನ, ಹಸ್ತಪ್ರತಿ. ಅದರ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕ ಇಲ್ಲದೆ ನಮ್ಮ ಸಂಶೋಧಕರ ಕಪಾಟು ಇಲ್ಲ. ನುಡಿಹಬ್ಬದ (ಅಲ್ಲಿನ ಘಟಿಕೋತ್ಸವ) ದಿನ ನಾಡೋಜ ಗೌರವ ಪದವಿ ಪ್ರದಾನ ನೋಡಿದವರಿಗೆ ಆ ಗುರಿ ಏನು ಅಂತ ಗೊತ್ತಾಗುತ್ತೆ.

ಬಂಡೆಗಳ ನಡುವೆ ಆ ಕ್ಯಾಂಪಸ್‌ನಲ್ಲಿ ಇದ್ದು ಬರೆಯುವುದೇ ಬೇರೆ. ಊರ ಗದ್ದಲ ಇಲ್ಲ. ಅಲ್ಲಿಗೆ ಅನುದಾನ ಸರಿಯಾಗಿ ಕೊಡಿ ಅಂತ ನಾವು ಕನ್ನಡಿಗರು ಕೇಳಬೇಕು. ಹಂಪಿಯಲ್ಲಿ ಮಾಡಬೇಕಾದ ಕೆಲಸವನ್ನು ದಿಲ್ಲಿಯಲ್ಲಿ ಯಾರೂ ನಮಗಾಗಿ ಮಾಡಿಕೊಡಲ್ಲ.

ಕಾವೇರಿ ಹಾಸ್ಟೆಲ್ ಹಳಬ

ಪೂರ್ತಿ ಒಪ್ಪಿಗೆ. ಆದರೆ ದಿಲ್ಲಿಯಲ್ಲೂ ಕನ್ನಡ ಇದೆ. ಜೆಎನ್‌ಯುನಲ್ಲಿ ಕನ್ನಡ ಪೀಠ ಇದೆ, ಪುರುಷೋತ್ತಮ ಬಿಳಿಮಲೆ ಅದನ್ನು ನಡೆಸಿದರು. ಕವಿ ಎಚ್.ಎಸ್. ಶಿವಪ್ರಕಾಶ್ ಅಲ್ಲೇ ಪಾಠ ಮಾಡಿದರು. ಮೈಸೂರು, ಬೆಂಗಳೂರಿನ ಇತಿಹಾಸ ಬರೆದ ಜಾನಕಿ ನಾಯರ್ ಕೂಡ ಅಲ್ಲಿನ ಇತಿಹಾಸ ಕೇಂದ್ರದಲ್ಲೇ ಇದ್ದರು. ಹುಡುಗಿ ಇತಿಹಾಸ ತಾನೇ? ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘವೂ ದೂರವಿಲ್ಲ.

ಗೌರಿಬಿದನೂರು ಅಮ್ಮ

ಊಟ ಏನು ಕೊಡ್ತಾರಪ್ಪಾ? ರಾಯಚೂರಿನ ಮಗು, ಜೋಳದ ರೊಟ್ಟಿ ಇಲ್ಲದೆ ಹೇಗೆ?

ಕೊಯ್ನಾ ಕೋಣೆ

ಅಮ್ಮಾ, ಚಪಾತಿ, ಅನ್ನ, ರಾಜ್ಮಾ. ಮೊದಲು ಕಷ್ಟ, ಆಮೇಲೆ ಹೊಂದುತ್ತೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿ, ಪಕ್ಕದ ಕೋಣೆಯವರೂ ತಿನ್ನುತ್ತಾರೆ. ಸ್ವೆಟರ್ ಮರೆಯಬೇಡಿ. ಡಿಸೆಂಬರ್ ಚಳಿ ರಾಯಚೂರಿನವರಿಗೆ ಊಹೆಗೂ ಸಿಗಲ್ಲ.

ತೆರಿಗೆ ಕಟ್ಟುವವ

ವಾರಾನ್ನದ ಬಗ್ಗೆ ಬರೆದವರ ಮಾತು ಯೋಚನೆಗೆ ಹಚ್ಚಿತು. ಬಾಡಿಗೆ ಮನೆಯ ವಿಷಯ ನಿಜ, ನನ್ನ ಗೆಳೆಯನಿಗೇ ಹಾಗಾಗಿತ್ತು. ಆದರೆ ಒಂದು ಪ್ರಶ್ನೆ ಬಿಡಲಾರೆ. ಹಾಸ್ಟೆಲ್ ಅಗ್ಗವಾಗಿ ಇಟ್ಟು, ಒಳಗೆ ಬರುವ ಬಾಗಿಲು ಕೋಚಿಂಗ್ ಹೋದವರಿಗೆ ಮಾತ್ರ ತೆರೆದರೆ ಏನು ಪ್ರಯೋಜನ? ಲಿಂಗಸುಗೂರಿನಿಂದ ಎಷ್ಟು ಮಕ್ಕಳು ಬರುತ್ತಾರೆ?

ಅಂಕಿ ಅಂಶ

ಇದು ಸರಿಯಾದ ಪ್ರಶ್ನೆ. ಅದಕ್ಕೇ ಜೆಎನ್‌ಯು ಒಂದು ಕ್ರಮ ಮಾಡಿತ್ತು. ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಪ್ರವೇಶದಲ್ಲಿ ಹೆಚ್ಚುವರಿ ಅಂಕ. ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ, ಕೃಷಿ ಕೆಲಸಗಾರರ ಪ್ರಮಾಣ ಇಂಥವನ್ನು ಜನಗಣತಿಯಿಂದ ತೆಗೆದು ಲೆಕ್ಕ ಹಾಕುತ್ತಿದ್ದರು. ಹುಡುಗಿಯರಿಗೂ ಅಂಕ ಸೇರುತ್ತಿತ್ತು. ಕಾಯ್ದೆಯ "ದೇಶದ ಎಲ್ಲ ಕಡೆಯವರು" ಅನ್ನುವ ಮಾತು ಕೆಲಸಕ್ಕೆ ಬಂದಿದ್ದು ಅಲ್ಲಿ. ಎಂಬತ್ತರ ದಶಕದಲ್ಲಿ ಅದನ್ನು ಕೈಬಿಟ್ಟರು, ವಿದ್ಯಾರ್ಥಿಗಳು ಹೋರಾಡಿ ತೊಂಬತ್ತರ ದಶಕದಲ್ಲಿ ವಾಪಸ್ ತಂದರು. 2017ರಲ್ಲಿ ಸಂಶೋಧನೆಯ ಪ್ರವೇಶದಿಂದ ಮತ್ತೆ ತೆಗೆದರು. 2019ರಲ್ಲಿ ಬರವಣಿಗೆಯ ಪರೀಕ್ಷೆ ಹೋಗಿ ಸರಿ ಉತ್ತರಕ್ಕೆ ಗುರುತು ಹಾಕೋದಷ್ಟೇ ಉಳಿಯಿತು, 2022ರಿಂದ ಸಿಯುಇಟಿ ಬಂತು. ನನ್ನ ಮಟ್ಟಿಗೆ ಗುರಿಗೆ ಪೆಟ್ಟು ಬಿದ್ದಿದ್ದು ಇಲ್ಲಿ, ಬಾಡಿಗೆಯಲ್ಲಿ ಅಲ್ಲ.

ಗಂಗೋತ್ರಿ ವಿದ್ಯಾರ್ಥಿ

ಸಿಯುಇಟಿಗೆ ಎದುರು ಮಾತು: ದಿಲ್ಲಿಗೆ ಹೋಗದೆ ರಾಯಚೂರಿನಲ್ಲೇ ಕೂತು ಒಂದೇ ಪರೀಕ್ಷೆಯಿಂದ ಹತ್ತು ಕಡೆ ಅರ್ಜಿ ಹಾಕಬಹುದು. ಮೇಷ್ಟ್ರ ವಿದ್ಯಾರ್ಥಿನಿಗೆ ಸೀಟು ಸಿಕ್ಕಿದ್ದು ಹಾಗೇ ಅಲ್ವಾ?

ಅಂಕಿ ಅಂಶ

ಜೆಎನ್‌ಯು ಹಳೆಯ ಪರೀಕ್ಷೆಯನ್ನೂ ದೇಶದ ಬೇರೆ ಬೇರೆ ಊರುಗಳಲ್ಲಿ ನಡೆಸುತ್ತಿದ್ದರು. ಅರ್ಜಿ ಸುಲಭವಾಗಿದೆ ಅನ್ನೋದನ್ನು ಒಪ್ಪುತ್ತೇನೆ. ಆದರೆ ತನ್ನ ಮಾತಿನಲ್ಲಿ ವಾದ ಮಂಡಿಸಬಲ್ಲ ಹಳ್ಳಿ ಹುಡುಗಿಯನ್ನು ಗುರುತಿಸುವುದಕ್ಕೆ ಈ ಪರೀಕ್ಷೆ ಸಾಲದು.

ಲಿಂಗಸುಗೂರು ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಸಂಜೆ ಅವರ ಮನೆಗೆ ಹೋಗಿ ಇದರಲ್ಲಿ ಕೆಲವನ್ನು ಓದಿ ಹೇಳಿದೆ. ತಾಯಿ ಕೇಳಿದ್ದು ಒಂದೇ: "ಅಲ್ಲಿ ಅಕಿಗೆ ಊರು ಯಾವುದು, ಜಾತಿ ಯಾವುದು ಅಂತ ಕೇಳಿ ದೂರ ಕೂರಿಸ್ತಾರೇನು?" ಗಚ್ಚಿಬೌಲಿಯವರು ಬರೆದದ್ದನ್ನು ಮುಚ್ಚಿಡಲಿಲ್ಲ. ಎಲ್ಲ ಕಡೆ ಕೇಳುವವರು ಇರುತ್ತಾರೆ, ಅಲ್ಲಿ ತಿರುಗಿ ಕೇಳುವವರೂ ಜೊತೆಗಿರುತ್ತಾರೆ ಅಂದೆ. ತಂದೆ ಒಪ್ಪಿದ್ದಾರೆ. ಹುಡುಗಿ ಅಂತೂ ಮೊದಲೇ ತಯಾರು.

ಈಗ ಕೆಲಸದ ಮಾತು. ಹಾಸ್ಟೆಲ್‌ಗೆ ಯಾವ ಕಾಗದ ಬೇಕು?

ಕೊಯ್ನಾ ಕೋಣೆ

ಸೀಟು ಸಿಕ್ಕ ಕೂಡಲೇ ಕೋಣೆ ಸಿಗಲ್ಲ, ಕಾಯುವ ಪಟ್ಟಿ ಇರುತ್ತೆ. ಸೇರಿದ ದಿನವೇ ಹಾಸ್ಟೆಲ್ ಅರ್ಜಿ ಹಾಕಿ. ಅಲ್ಲಿವರೆಗೆ ಹಿರಿಯ ವಿದ್ಯಾರ್ಥಿನಿಯರ ಕೋಣೆಯಲ್ಲಿ ಇರೋ ವ್ಯವಸ್ಥೆ ನೋಡೋಣ, ನನಗೆ ಗೊತ್ತಿರುವವರು ಈಗಲೂ ಅಲ್ಲಿದ್ದಾರೆ. ನನಗೆ ಇಲ್ಲೇ ಸಂದೇಶ ಕಳಿಸಿ.

ಅಂಕಿ ಅಂಶ

ತಹಶೀಲ್ದಾರರ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ, ವಿದ್ಯಾರ್ಥಿವೇತನಕ್ಕೂ ಬೇಕು. ಒಬಿಸಿ ಆದರೆ ಕೇಂದ್ರದ ನಮೂನೆಯಲ್ಲೇ ಇರಬೇಕು. ನಮ್ಮ 2ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯಲ್ಲ, ಕೇಂದ್ರದ ಪಟ್ಟಿಯಲ್ಲಿ ಜಾತಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇಂಗ್ಲಿಷ್‌ನಲ್ಲಿ ಬರೆಸಿ, ಕನ್ನಡದ ಪತ್ರ ಅಲ್ಲಿ ಓದುವವರಿಲ್ಲ.

ತೆರಿಗೆ ಕಟ್ಟುವವ

ಮೇಷ್ಟ್ರೇ, ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಇಬ್ಬರ ಟಿಕೆಟ್ ನಾನು ಮಾಡಿಸುತ್ತೇನೆ. ತಂದೆಯೂ ಜೊತೆಗೆ ಹೋಗಿ ನೋಡಿ ಬರಲಿ. ತಾರೀಕು ಹೇಳಿ.